ಕ್ಲ್ಯಾಟ್‌ ಬರೆಯುವ ಪಿಯು ಮಕ್ಕಳಿಗೆ: ಇಂಗ್ಲಿಷ್ ಪ್ಯಾಸೇಜ್ ಓದುವ ಅಭ್ಯಾಸ ಹೀಗೆ ಮಾಡಿ

ಕಳೆದ ಜೂನ್‌ನಲ್ಲಿ ಒಬ್ಬಳು ಹುಡುಗಿ ನನ್ನ ಹತ್ತಿರ ಪಾಠಕ್ಕೆ ಬಂದಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಈಗ ದ್ವಿತೀಯ ಪಿಯು. ಲಾಯರ್ ಆಗಬೇಕು, ಅದಕ್ಕೆ ಕಾನೂನು ಪ್ರವೇಶ ಪರೀಕ್ಷೆ ಕ್ಲ್ಯಾಟ್ ಬರೆಯಬೇಕು ಅಂದಳು. ಒಂದು ಇಂಗ್ಲಿಷ್ ಪ್ಯಾಸೇಜ್ ಕೊಟ್ಟು ಪಕ್ಕದಲ್ಲಿ ಕೂತೆ. ಸಾಲಿನ ಕೆಳಗೆ ಬೆರಳಿಟ್ಟು ಓದಿದಳು. ಗೊತ್ತಿಲ್ಲದ ಪದ ಬಂದಾಗಲೆಲ್ಲ ಮೊಬೈಲ್ ತೆಗೆದು ಅರ್ಥ ನೋಡಿ, ಪದದ ತಲೆಯ ಮೇಲೆ ಪೆನ್ಸಿಲ್‌ನಲ್ಲಿ ಕನ್ನಡದಲ್ಲಿ ಬರೆದುಕೊಂಡಳು. ಮುಗಿಸುವಷ್ಟರಲ್ಲಿ 19 ನಿಮಿಷ. "ಏನು ಹೇಳ್ತಿದ್ದಾರಮ್ಮ ಇದ್ರಲ್ಲಿ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಸರ್, ಪದ ಎಲ್ಲ ಗೊತ್ತಾಯ್ತು. ವಿಷ್ಯ ಏನು ಅಂತ ಗೊತ್ತಾಗ್ಲಿಲ್ಲ."

ನಮ್ಮ ಮಕ್ಕಳಲ್ಲಿ ಹೆಚ್ಚಿನವರ ಕಷ್ಟ ಇದೇ. ಪದ ಗೊತ್ತಿಲ್ಲದ್ದಕ್ಕಿಂತ ಜಾಸ್ತಿ ತೊಂದರೆ ಕೊಡುವುದು ಪದಪದಕ್ಕೂ ನಿಲ್ಲುವ ಅಭ್ಯಾಸ. ಅದನ್ನು ಬಿಡಿಸುವುದು ಹೇಗೆ, ಪದಸಂಪತ್ತು ಬೆಳೆಸಿಕೊಳ್ಳುವುದು ಹೇಗೆ ಅಂತ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲು ಪರೀಕ್ಷೆ ಹೇಗಿದೆ ನೋಡಿ

ಬೆಂಗಳೂರಿನ ನಾಗರಭಾವಿಯಲ್ಲಿರುವ ನ್ಯಾಷನಲ್ ಲಾ ಸ್ಕೂಲ್ ಸೇರಿದಂತೆ ದೇಶದ ಬಹುತೇಕ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಸೇರಲು ಇರುವ ಪರೀಕ್ಷೆ ಕ್ಲ್ಯಾಟ್. ಇದು ಇಂಗ್ಲಿಷ್‌ನಲ್ಲಿ ಮಾತ್ರ ನಡೆಯುತ್ತದೆ. 120 ಪ್ರಶ್ನೆ, 120 ನಿಮಿಷ. ಸರಿ ಉತ್ತರಕ್ಕೆ 1 ಅಂಕ, ತಪ್ಪಿಗೆ 0.25 ಕಡಿತ. ಇಂಗ್ಲಿಷ್ ವಿಭಾಗದಲ್ಲಿ 22ರಿಂದ 26 ಪ್ರಶ್ನೆ ಬರುತ್ತವೆ. ಎಲ್ಲವೂ ಸುಮಾರು 450 ಪದಗಳ ಪ್ಯಾಸೇಜ್‌ಗಳ ಮೇಲೆಯೇ.

ಲೀಗಲ್ ರೀಸನಿಂಗ್, ಲಾಜಿಕಲ್ ರೀಸನಿಂಗ್, ಪ್ರಚಲಿತ ವಿದ್ಯಮಾನ, ಈ ಮೂರೂ ವಿಭಾಗಗಳು ಪ್ಯಾಸೇಜ್ ರೂಪದಲ್ಲೇ ಇರುತ್ತವೆ. ಗಣಿತ ವಿಭಾಗದಲ್ಲೂ ಒಂದು ಸಣ್ಣ ವಿವರಣೆ ಓದಿಯೇ ಲೆಕ್ಕ ಮಾಡಬೇಕು. ಹಾಗಾಗಿ ಓದುವ ಅಭ್ಯಾಸಕ್ಕೆ ಕೊಟ್ಟ ಸಮಯದ ಫಲ ಇಡೀ ಪ್ರಶ್ನೆಪತ್ರಿಕೆಯಲ್ಲಿ ಸಿಗುತ್ತದೆ.

ಇನ್ನೊಂದು ಎಚ್ಚರಿಕೆ. 2020ಕ್ಕಿಂತ ಮುಂಚೆ ಕ್ಲ್ಯಾಟ್‌ನಲ್ಲಿ 200 ಪ್ರಶ್ನೆಗಳಿದ್ದವು. ಒಂದು ಪದ ಕೊಟ್ಟು ಸಮಾನಾರ್ಥಕ ಕೇಳುವಂಥ ಬಿಡಿ ಪ್ರಶ್ನೆಗಳು ಇರುತ್ತಿದ್ದವು. 2020ರಿಂದ ಪ್ಯಾಸೇಜ್ ಪದ್ಧತಿ ಬಂತು. ಬೆಂಗಳೂರಿನ ಅವೆನ್ಯೂ ರೋಡಿನ ಹಳೇ ಪುಸ್ತಕದಂಗಡಿಯಲ್ಲೋ ಅಣ್ಣ-ಅಕ್ಕಂದಿರ ಹತ್ತಿರವೋ ಹಳೆಯ ಗೈಡ್ ಸಿಕ್ಕರೆ ಇಸವಿ ನೋಡಿಕೊಳ್ಳಿ. ಸಾವಿರಾರು ಪದಗಳ ಪಟ್ಟಿ ಉರು ಹೊಡೆಯುವ ಕೆಲಸ ಈ ಪರೀಕ್ಷೆಗೆ ಬೇಡ. ಪದದ ಅರ್ಥ ಈಗಲೂ ಕೇಳುತ್ತಾರೆ, ಆದರೆ ಪ್ಯಾಸೇಜ್‌ನೊಳಗೆ ಆ ಪದ ಯಾವ ಅರ್ಥದಲ್ಲಿ ಬಂದಿದೆ ಅಂತ ಕೇಳುತ್ತಾರೆ.

ಹಂತ 1: ನಿಮ್ಮ ವೇಗ ಅಳೆದುಕೊಳ್ಳಿ

ಪರೀಕ್ಷೆ ನಡೆಸುವ ಕನ್ಸೋರ್ಷಿಯಂನ (ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟ) ವೆಬ್‌ಸೈಟಿನಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳು ಪುಕ್ಕಟೆ ಸಿಗುತ್ತವೆ. ಒಂದು ಪ್ಯಾಸೇಜ್ ಪ್ರಿಂಟ್ ತೆಗೆಸಿಕೊಳ್ಳಿ. ಪರೀಕ್ಷೆ ಕಾಗದದ ಮೇಲೆ ನಡೆಯುತ್ತದೆ, ಮೊಬೈಲ್ ಪರದೆಯ ಮೇಲಲ್ಲ. ಗಡಿಯಾರ ನೋಡಿ ಓದಲು ಶುರು ಮಾಡಿ, ಎಲ್ಲೂ ನಿಲ್ಲಬೇಡಿ. ಮುಗಿದ ಮೇಲೆ ಪುಟ ಮಗುಚಿಟ್ಟು, ಓದಿದ್ದರ ಸಾರವನ್ನು ಎರಡು ವಾಕ್ಯದಲ್ಲಿ ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಪರವಾಗಿಲ್ಲ.

ಲೆಕ್ಕ ಸರಳ. ಒಂದು ಪ್ಯಾಸೇಜ್‌ಗೆ 6 ಪ್ರಶ್ನೆ ಅಂದರೆ ನಿಮಗಿರುವುದು 6 ನಿಮಿಷ. ಓದಲು 3 ನಿಮಿಷ, ಉತ್ತರಕ್ಕೆ 3 ನಿಮಿಷ. 450 ಪದವನ್ನು 3 ನಿಮಿಷದಲ್ಲಿ ಓದುವುದು ಅಂದರೆ ನಿಮಿಷಕ್ಕೆ 150 ಪದ. ಮೊದಲ ದಿನ ನಿಮಗೆ 7 ನಿಮಿಷ ಹಿಡಿದರೂ ಗಾಬರಿ ಬೇಡ. ಆ ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ತಾರೀಖಿನ ಜೊತೆ ಬರೆದಿಡಿ. ಪ್ರತಿ ಭಾನುವಾರ ಹೊಸ ಪ್ಯಾಸೇಜ್ ತಗೊಂಡು ಮತ್ತೆ ಅಳೆಯಿರಿ.

ಹಂತ 2: ಮೊದಲು ಕನ್ನಡದಲ್ಲಿ ಓದಿ, ಆಮೇಲೆ ಇಂಗ್ಲಿಷ್‌ನಲ್ಲಿ

ಇದನ್ನು ಬಹಳ ಜನ ಹೇಳಿಕೊಡುವುದಿಲ್ಲ. ನನ್ನ ಮಕ್ಕಳಿಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ. ಬೆಳಿಗ್ಗೆ 'ಪ್ರಜಾವಾಣಿ'ಯ ಸಂಪಾದಕೀಯವನ್ನೋ ಮುಖಪುಟದ ದೊಡ್ಡ ಸುದ್ದಿಯನ್ನೋ ಓದಿ. ಆಮೇಲೆ ಅದೇ ವಿಷಯದ ಮೇಲೆ 'ಡೆಕ್ಕನ್ ಹೆರಾಲ್ಡ್'ನಲ್ಲೋ 'ದಿ ಹಿಂದೂ'ನಲ್ಲೋ ಬಂದ ಬರಹ ಓದಿ. ವಿಷಯ ಆಗಲೇ ತಲೆಯಲ್ಲಿರುತ್ತದೆ. ಹಾಗಾಗಿ ಇಂಗ್ಲಿಷ್ ಪದಗಳು ತಾವಾಗಿ ಅರ್ಥ ಬಿಟ್ಟುಕೊಡುತ್ತವೆ. ಕನ್ನಡದಲ್ಲಿ 'ಮೇಲ್ಮನವಿ' ಅಂತ ಓದಿದ್ದು ಅಲ್ಲಿ 'ಅಪೀಲ್' ಆಗಿರುತ್ತದೆ, 'ತಡೆಯಾಜ್ಞೆ' ಅಂತ ಓದಿದ್ದು 'ಸ್ಟೇ' ಆಗಿರುತ್ತದೆ, 'ಹಿಂಪಡೆಯಿತು' ಅನ್ನುವ ಕಡೆ 'ವಿತ್‌ಡ್ರೂ' ಅಂತ ಇರುತ್ತದೆ. ನಿಘಂಟು ತೆಗೆಯದೇ ನಾಲ್ಕಾರು ಪದ ಕಲಿತಿರಿ, ಅಲ್ವಾ?

ಮನೆಗೆ ಪತ್ರಿಕೆ ಬರದಿದ್ದರೆ ಊರಿನ ಗ್ರಂಥಾಲಯಕ್ಕೆ ಹೋಗಿ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಇಂಗ್ಲಿಷ್ ಪತ್ರಿಕೆ ತರಿಸುತ್ತಾರಾ ಅಂತ ವಿಚಾರಿಸಿ. ಕಾಲೇಜಿನ ಲೈಬ್ರರಿಯಲ್ಲಿ ಸಾಮಾನ್ಯವಾಗಿ ಒಂದಾದರೂ ಇರುತ್ತದೆ.

ಎರಡು ತಿಂಗಳು ಹೀಗೆ ಮಾಡಿ, ಆಮೇಲೆ ಕನ್ನಡದ ಊರುಗೋಲು ಬಿಡಿ. ನೇರವಾಗಿ ಇಂಗ್ಲಿಷ್ ಲೇಖನಕ್ಕೆ ಹೋಗಿ. ಬರೀ ರಾಜಕೀಯ ಓದಬೇಡಿ. ವಿಜ್ಞಾನ, ಇತಿಹಾಸ, ಪ್ರವಾಸ ಕಥನ, ಸಣ್ಣ ಕತೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಓದಿ. ಕ್ಲ್ಯಾಟ್‌ನಲ್ಲಿ ಕತೆಯ ತುಣುಕುಗಳೂ ಬರುತ್ತವೆ. ಪತ್ರಿಕೆ ಮಾತ್ರ ಓದಿದವರು ಅಲ್ಲಿ ತಡವರಿಸುತ್ತಾರೆ.

ಹಂತ 3: ನಿಲ್ಲದೆ ಓದಿ, ತಿರುವುಗಳಲ್ಲಿ ಎಚ್ಚರವಾಗಿರಿ

ಮೈಸೂರು ಕಡೆಯವರು ಉತ್ತರ ಕರ್ನಾಟಕದ ಕತೆಯೊಂದನ್ನು ಓದುತ್ತಿದ್ದಾರೆ ಅಂದುಕೊಳ್ಳಿ. "ಬುತ್ತಿ ಕಟ್ಟಿಕೊಂಡು, ಚಕ್ಕಡಿ ಹೂಡಿ ಜಾತ್ರೆಗೆ ಹೊರಟರು" ಅಂತ ಇದೆ. ಚಕ್ಕಡಿ ಅನ್ನುವ ಮಾತನ್ನು ಮೊದಲು ಕೇಳಿಲ್ಲದಿದ್ದರೂ ಎತ್ತಿನ ಗಾಡಿ ಅಂತ ಅವರಿಗೆ ಕೂಡಲೇ ತಿಳಿಯುತ್ತದೆ. ಆಗ ಯಾರೂ ನಿಘಂಟು ತೆಗೆಯುವುದಿಲ್ಲ, ಮುಂದಕ್ಕೆ ಓದುತ್ತಾರೆ. ಕನ್ನಡದಲ್ಲಿ ಇದನ್ನು ಚಿಕ್ಕಂದಿನಿಂದ ಮಾಡುತ್ತಲೇ ಬಂದಿದ್ದೀರಿ. ಇಂಗ್ಲಿಷ್‌ನಲ್ಲೂ ಅದೇ ಧೈರ್ಯ ಬೇಕು.

ಒಂದು ವಾಕ್ಯ ತಗೊಳ್ಳಿ: "ದಿ ಕೋರ್ಟ್ ವಾಸ್ ರಿಲಕ್ಟೆಂಟ್ ಟು ಇಂಟರ್‌ಫಿಯರ್, ಬಟ್ ದಿ ಫ್ಯಾಕ್ಟ್ಸ್ ಲೆಫ್ಟ್ ಇಟ್ ನೋ ಚಾಯ್ಸ್." ರಿಲಕ್ಟೆಂಟ್ ಗೊತ್ತಿಲ್ಲ ಅಂದುಕೊಳ್ಳಿ. 'ಬಟ್' ಆದ ಮೇಲೆ ಏನಿದೆ? ಬೇರೆ ದಾರಿಯೇ ಇರಲಿಲ್ಲ ಅಂತ. ಹಾಗಾದರೆ 'ಬಟ್'ಗಿಂತ ಮುಂಚೆ ಅದಕ್ಕೆ ಉಲ್ಟಾ ಇರಬೇಕು. ಕೋರ್ಟಿಗೆ ಮಧ್ಯೆ ಹೋಗಲು ಮನಸ್ಸಿರಲಿಲ್ಲ, ಹಿಂದೇಟು ಹಾಕಿತ್ತು. ರಿಲಕ್ಟೆಂಟ್ ಅಂದರೆ ಅದೇ.

'ಬಟ್', 'ಹವೆವರ್', 'ಯೆಟ್', 'ಆಲ್ದೋ', 'ಡಿಸ್ಪೈಟ್', 'ಅನ್‌ಲೆಸ್', ಇವೆಲ್ಲ ತಿರುವಿನ ಪದಗಳು. ಇವು ಬಂದಾಗ ಪೆನ್ಸಿಲ್‌ನಲ್ಲಿ ಸಣ್ಣ ಸುತ್ತು ಹಾಕಿ. ಲೇಖಕರ ನಿಜವಾದ ಮಾತು ಹೆಚ್ಚಾಗಿ ಇವು ಬಂದ ಮೇಲೆಯೇ ಇರುತ್ತದೆ. ಮನೆಯಲ್ಲೂ ಹಾಗೇ ಅಲ್ವಾ? "ಹುಡುಗ ಒಳ್ಳೆಯವನೇ, ಆದರೆ..." ಅಂತ ಯಾರಾದರೂ ಶುರು ಮಾಡಿದರೆ ನಾವು ಕಿವಿ ಕೊಡುವುದು 'ಆದರೆ' ಆದ ಮೇಲಿನ ಮಾತಿಗೆ.

ಪ್ರತಿ ಪ್ಯಾರಾ ಮುಗಿದಾಗ ಅಂಚಿನಲ್ಲಿ ಮೂರ್ನಾಲ್ಕು ಪದದ ಗುರುತು ಬರೆಯಿರಿ. ಕನ್ನಡದಲ್ಲೇ ಸಾಕು: 'ಹಳೇ ಪದ್ಧತಿ', 'ಅದರ ತೊಂದರೆ', 'ಇವರ ಸಲಹೆ'. ಪ್ರಶ್ನೆಗೆ ಉತ್ತರ ಹುಡುಕಲು ಪ್ಯಾಸೇಜ್‌ಗೆ ವಾಪಸ್ ಹೋಗುವಾಗ ಈ ಗುರುತು ದಾರಿ ತೋರಿಸುತ್ತದೆ. ಒಂದು ತಿಂಗಳಾದ ಮೇಲೆ ಬರೆಯುವುದೇ ಬೇಡ, ಮನಸ್ಸಿನಲ್ಲೇ ಆಗುತ್ತದೆ.

ಹಂತ 4: ಆಪ್ಷನ್‌ಗಳ ಮೋಸ ಗುರುತಿಸಿ

ಇದನ್ನು ಒಂದು ಉದಾಹರಣೆ ಇಟ್ಟುಕೊಂಡೇ ನೋಡೋಣ. ಪ್ಯಾಸೇಜನ್ನು ಕನ್ನಡದಲ್ಲೇ ಕೊಡುತ್ತೇನೆ. ಓದುವ ಬಗೆ ಯಾವ ಭಾಷೆಯಲ್ಲಾದರೂ ಒಂದೇ.

"ಹೂಳು ತೆಗೆದರೆ ಕೆರೆ ತಾನಾಗಿ ತುಂಬುತ್ತದೆ ಎಂದು ಎಷ್ಟೋ ಊರುಗಳಲ್ಲಿ ನಂಬಿದ್ದಾರೆ. ಹೂಳೆತ್ತಿದ ಕೆರೆಯಲ್ಲಿ ಮೊದಲ ಮಳೆಗಾಲಕ್ಕೆ ಹೆಚ್ಚು ನೀರು ನಿಲ್ಲುವುದೂ ಉಂಟು. ಆದರೆ ಮಳೆನೀರನ್ನು ಕೆರೆಗೆ ತರುವ ಕಾಲುವೆಗಳೇ ಮುಚ್ಚಿಹೋಗಿದ್ದರೆ, ಎಷ್ಟು ಆಳಕ್ಕೆ ಅಗೆದರೂ ಅದು ದೊಡ್ಡ ಗುಂಡಿ ಅಷ್ಟೇ. ಹಿಂದಿನವರು ಬೇಸಿಗೆಯಲ್ಲಿ ಮೊದಲು ಕಾಲುವೆ ಬಿಡಿಸಿ, ಆಮೇಲೆ ಕೆರೆಗೆ ಇಳಿಯುತ್ತಿದ್ದರು. ಯಂತ್ರ, ದುಡ್ಡು ಎರಡೂ ಇರುವ ಈ ಕಾಲದಲ್ಲಿ ನಾವು ಆ ಕ್ರಮವನ್ನೇ ಮರೆತಿದ್ದೇವೆ."

ಪ್ರಶ್ನೆ: ಲೇಖಕರ ಮುಖ್ಯ ಅಭಿಪ್ರಾಯ ಯಾವುದು?

(ಎ) ಕೆರೆಯ ಹೂಳೆತ್ತುವುದು ದಂಡ.
(ಬಿ) ಹೂಳೆತ್ತಿದ ಕೆರೆಯಲ್ಲಿ ಮೊದಲ ಮಳೆಗಾಲಕ್ಕೆ ಹೆಚ್ಚು ನೀರು ನಿಲ್ಲಬಹುದು.
(ಸಿ) ನೀರು ಬರುವ ದಾರಿ ಸರಿಮಾಡದೆ ಬರೀ ಹೂಳೆತ್ತಿದರೆ ಪ್ರಯೋಜನ ಸಾಲದು.
(ಡಿ) ಒತ್ತುವರಿಯಿಂದಾಗಿ ಕೆರೆಯ ಕಾಲುವೆಗಳು ಮುಚ್ಚಿಹೋಗಿವೆ.

ಸರಿ ಉತ್ತರ (ಸಿ). ಆದರೆ ಉಳಿದ ಮೂರು ಯಾಕೆ ತಪ್ಪು ಅಂತ ಹೇಳಲು ಬರಬೇಕು. ಕಲಿಕೆ ಇರುವುದು ಅಲ್ಲೇ.

(ಎ) ಮಾತನ್ನು ಅತಿಗೆ ಎಳೆದಿದೆ. ಹೂಳೆತ್ತಬೇಡಿ ಅಂತ ಲೇಖಕರು ಎಲ್ಲೂ ಹೇಳಿಲ್ಲ. ಆಪ್ಷನ್‌ನಲ್ಲಿ 'ಆಲ್ವೇಸ್', 'ನೆವರ್', 'ಓನ್ಲಿ', 'ಎಂಟೈರ್ಲಿ' ಥರದ ಪದ ಕಂಡರೆ ಪ್ಯಾಸೇಜಿಗೆ ಹೋಗಿ ಮತ್ತೊಮ್ಮೆ ನೋಡಿ. ಅಂಥ ಆಪ್ಷನ್‌ಗಳು ಬಹಳ ಸಲ ತಪ್ಪಾಗಿರುತ್ತವೆ.

(ಬಿ) ಪ್ಯಾಸೇಜ್‌ನಲ್ಲೇ ಇರುವ ಮಾತು, ನಿಜವೇ. ಆದರೆ ಅದು ಒಂದು ವಿವರ ಮಾತ್ರ, ಅದೂ 'ಆದರೆ'ಗಿಂತ ಮುಂಚಿನದು. ಮಕ್ಕಳು ಜಾಸ್ತಿ ಸಿಕ್ಕಿಬೀಳುವುದು ಇಲ್ಲೇ. ಸಾಲು ಕಣ್ಣಿಗೆ ಬಿತ್ತು ಅಂದ ಮಾತ್ರಕ್ಕೆ ಅದು ಮುಖ್ಯ ಅಭಿಪ್ರಾಯ ಆಗುವುದಿಲ್ಲ.

(ಡಿ) ಇನ್ನೂ ಸೂಕ್ಷ್ಮ. ನಮ್ಮ ಕಡೆ ಕೆರೆ ಒತ್ತುವರಿ ಎಲ್ಲರಿಗೂ ಗೊತ್ತಿರುವ ವಿಷಯ. ಹಾಗಾಗಿ ಓದಿದ ಕೂಡಲೇ "ಹೌದಲ್ಲ!" ಅನಿಸುತ್ತದೆ. ಆದರೆ ಪ್ಯಾಸೇಜ್‌ನಲ್ಲಿ ಒತ್ತುವರಿ ಅನ್ನುವ ಮಾತೇ ಇಲ್ಲ. ಕಾಲುವೆ ಯಾಕೆ ಮುಚ್ಚಿತು ಅಂತ ಲೇಖಕರು ಹೇಳಿಲ್ಲ. ನಿಮಗೆ ಗೊತ್ತಿರುವುದನ್ನು ಪ್ಯಾಸೇಜ್‌ನೊಳಗೆ ತುರುಕಬೇಡಿ. ಚೆನ್ನಾಗಿ ಓದಿಕೊಂಡ, ಬುದ್ಧಿವಂತ ಮಕ್ಕಳೇ ಈ ಥರದ ಆಪ್ಷನ್‌ಗೆ ಬಲಿಯಾಗುವುದನ್ನು ನೋಡಿದ್ದೇನೆ.

ಇನ್ನೊಂದು ಪ್ರಶ್ನೆ ಹೀಗೆ ಬರಬಹುದು: ಕೊನೆಯ ವಾಕ್ಯದಿಂದ ಯಾವ ತೀರ್ಮಾನಕ್ಕೆ ಬರಬಹುದು? 'ಕೆಲಸ ಕೆಡುತ್ತಿರುವುದು ಸೌಕರ್ಯದ ಕೊರತೆಯಿಂದಲ್ಲ' ಅನ್ನುವುದು ಸರಿಯಾಗುತ್ತದೆ. ಲೇಖಕರು ಹಾಗಂತ ನೇರವಾಗಿ ಬರೆದಿಲ್ಲ. ಆದರೆ ಯಂತ್ರ, ದುಡ್ಡು ಎರಡೂ ಇವೆ ಅಂತ ಹೇಳಿ ಮುಗಿಸಿದ್ದಾರೆ. ಇಂಥ ಪ್ರಶ್ನೆಯಲ್ಲಿ ಉತ್ತರ ಪ್ಯಾಸೇಜ್‌ನ ಮಾತಿಗಿಂತ ಒಂದೇ ಹೆಜ್ಜೆ ಮುಂದಿರುತ್ತದೆ. ಎರಡು ಹೆಜ್ಜೆ ಮುಂದೆ ಹೋದರೆ ತಪ್ಪು.

ಮನೆಯಲ್ಲಿ ಅಭ್ಯಾಸ ಮಾಡುವಾಗ ಒಂದು ನಿಯಮ ಇಟ್ಟುಕೊಳ್ಳಿ. ಪ್ರತಿ ಉತ್ತರದ ಮುಂದೆ ಅದಕ್ಕೆ ಆಧಾರವಾದ ಸಾಲಿನ ಸಂಖ್ಯೆ ಬರೆಯಿರಿ. ಸಾಲು ತೋರಿಸಲು ಆಗದಿದ್ದರೆ ಉತ್ತರ ಸರಿ ಬಂದಿದ್ದರೂ ಅದನ್ನು ತಪ್ಪು ಅಂತಲೇ ಲೆಕ್ಕ ಹಾಕಿ.

ಹಂತ 5: ಪದ ಕಲಿಯುವುದು

ದಿನಕ್ಕೆ 50 ಪದ ಕಲಿಯುವ ಹುಮ್ಮಸ್ಸು ಬೇಡ. ಐದಾರು ಸಾಕು. ಓದಿ ಮುಗಿಸಿದ ಮೇಲೆ, ಓದುವಾಗ ಅಲ್ಲ, ಊಹಿಸಲೂ ಆಗದೆ ಉಳಿದ ಪದಗಳನ್ನು ಮಾತ್ರ ನೋಟ್‌ಬುಕ್ಕಿಗೆ ಹಾಕಿ. ಪ್ರತಿ ಪದಕ್ಕೂ ನಾಲ್ಕು ಸಾಲು: ಪದ, ಅದು ಸಿಕ್ಕ ಪೂರ್ತಿ ವಾಕ್ಯ, ನೀವು ಮನೆಯಲ್ಲಿ ಅದನ್ನು ಕನ್ನಡದಲ್ಲಿ ಹೇಗೆ ಹೇಳ್ತೀರಿ, ಆಮೇಲೆ ನಿಮ್ಮದೇ ಒಂದು ಇಂಗ್ಲಿಷ್ ವಾಕ್ಯ. ಮೂರನೆಯ ಸಾಲಿನಲ್ಲಿ ನಿಘಂಟಿನ ಭಾರಿ ಪದ ಬರೆಯಬೇಡಿ. 'ಆಂಬಿವಲೆಂಟ್' ಮುಂದೆ 'ದ್ವಂದ್ವಾತ್ಮಕ' ಅಂತ ಬರೆದರೆ ನಾಳೆಗೆ ಎರಡೂ ಮರೆತಿರುತ್ತದೆ. 'ಎರಡು ಮನಸ್ಸು' ಅಂತ ಬರೆಯಿರಿ, ಮರೆಯುವುದಿಲ್ಲ. ಮರುದಿನ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ಭಾನುವಾರ ಒಮ್ಮೆ ಕನ್ನಡದ ಸಾಲು ಮುಚ್ಚಿಕೊಂಡು ನೋಡಿ.

ಇನ್ನೊಂದು ಗುಂಪಿನ ಪದಗಳಿಗೆ ವಿಶೇಷ ಗಮನ ಕೊಡಿ. ಅವು ನಮಗೆ ಗೊತ್ತು ಅಂದುಕೊಂಡಿರುವ ಪದಗಳು. ಗೊತ್ತಿಲ್ಲದ ಪದವಾದರೆ ಹುಷಾರಾಗಿರುತ್ತೇವೆ. ಗೊತ್ತಿರುವ ಪದವೇ ಕೈಕೊಡುವುದು ಜಾಸ್ತಿ.

'ಲೋನ್ ಸ್ಯಾಂಕ್ಷನ್ ಆಯ್ತು' ಅಂತ ದಿನಾ ಹೇಳುತ್ತೇವೆ, ಮಂಜೂರು ಅನ್ನುವ ಅರ್ಥದಲ್ಲಿ. ಪ್ಯಾಸೇಜ್‌ನಲ್ಲಿ ಒಂದು ದೇಶದ ಮೇಲೆ 'ಸ್ಯಾಂಕ್ಷನ್ಸ್' ಹಾಕಿದರು ಅಂತ ಬಂದರೆ ಅದು ನಿರ್ಬಂಧ, ಹೆಚ್ಚುಕಡಿಮೆ ಉಲ್ಟಾ ಅರ್ಥ. 'ಪೇಷಂಟ್ ಕಂಡೀಷನ್ ಕ್ರಿಟಿಕಲ್' ಅಂದರೆ ನಮಗೆ ಆಸ್ಪತ್ರೆ ಕಣ್ಮುಂದೆ ಬರುತ್ತದೆ. ಆದರೆ ಲೇಖಕರ ಧಾಟಿ 'ಕ್ರಿಟಿಕಲ್' ಅಂದರೆ ಟೀಕೆ ಮಾಡುವ ಧಾಟಿ. 'ಕರೆಂಟ್' ನಮಗೆ ವಿದ್ಯುತ್, ಪ್ಯಾಸೇಜ್‌ನಲ್ಲಿ 'ಈಗಿನ' ಅಂತ ಇರಬಹುದು, ನದಿಯ ಸೆಳೆತವೂ ಆಗಿರಬಹುದು. ಕ್ಲಾಸಿನಲ್ಲಿ 'ಸರ್, ಒಂದು ಡೌಟ್' ಅಂದರೆ ಪ್ರಶ್ನೆ ಇದೆ ಅಂತ. ಇಂಗ್ಲಿಷ್‌ನಲ್ಲಿ 'ಐ ಡೌಟ್ ಇಟ್' ಅಂದರೆ ನನಗೆ ನಂಬಿಕೆಯಿಲ್ಲ ಅಂತ. 'ಇಂಡಿಫರೆಂಟ್' ನೋಡಿ 'ಡಿಫರೆಂಟ್ ಅಲ್ಲದ್ದು' ಅಂತ ಅರ್ಥ ಮಾಡಿಕೊಂಡವರು ಎಷ್ಟೋ ಜನ. ಅದರ ಅರ್ಥ, ತನಗೇನೂ ಸಂಬಂಧವೇ ಇಲ್ಲ ಅನ್ನುವಂತೆ ಇರುವುದು.

ಕಾನೂನಿನ ಲೋಕಕ್ಕೆ ಬಂದರೆ ಇದು ಇನ್ನೂ ಸ್ವಾರಸ್ಯ. 'ಸೆಂಟೆನ್ಸ್' ಬರೀ ವಾಕ್ಯವಲ್ಲ, ಶಿಕ್ಷೆ. 'ಪಾರ್ಟಿ' ಊಟದ್ದಲ್ಲ, ಚುನಾವಣೆಯದೂ ಅಲ್ಲ, ವ್ಯಾಜ್ಯದ ಕಕ್ಷಿ. 'ಸೂಟ್' ಮದುವೆಗೆ ಹಾಕುವುದಲ್ಲ, ದಾವೆ. 'ಬಾರ್' ಅಂದರೆ ವಕೀಲರ ಸಮುದಾಯ, ಕ್ರಿಯಾಪದವಾದರೆ ತಡೆಯುವುದು. 'ಬೆಂಚ್' ಅಂದರೆ ನ್ಯಾಯಪೀಠ. 'ಮೈನರ್' ಅಂದರೆ ಅಪ್ರಾಪ್ತ. ನೋಟ್‌ಬುಕ್ಕಿನ ಕೊನೆಯ ಹತ್ತು ಹಾಳೆಯನ್ನು ಇಂಥ ಪದಗಳಿಗೇ ಮೀಸಲಿಡಿ. ಸಿಕ್ಕ ಹಾಗೆಲ್ಲ ಸೇರಿಸುತ್ತಾ ಹೋಗಿ. ಲೀಗಲ್ ವಿಭಾಗಕ್ಕೂ ಇದೇ ಬಂಡವಾಳ.

ಪದದ ಬೇರು ನೋಡುವುದೂ ಒಳ್ಳೆಯದು. ಕನ್ನಡದಲ್ಲಿ 'ದುರ್', 'ಅಪ' ಸೇರಿದರೆ ಕೆಟ್ಟದ್ದು ಅಂತ ನಮಗೆ ತಾನಾಗಿ ತಿಳಿಯುತ್ತದೆ: ದುರುಪಯೋಗ, ಅಪಕೀರ್ತಿ. ಇಂಗ್ಲಿಷ್‌ನಲ್ಲಿ 'ಮ್ಯಾಲ್' ಹಾಗೆ: ಮ್ಯಾಲ್‌ಪ್ರಾಕ್ಟೀಸ್, ಮ್ಯಾಲ್‌ನ್ಯೂಟ್ರಿಷನ್. ಒಳ್ಳೆಯದಕ್ಕೆ 'ಬೆನಿ': ಬೆನಿಫಿಟ್, ಬೆನೆವಲೆಂಟ್.

ಹಂತ 6: ಗಡಿಯಾರದ ಜೊತೆ ಅಭ್ಯಾಸ

ಕ್ಲ್ಯಾಟ್ ಇತ್ತೀಚೆಗೆ ಡಿಸೆಂಬರ್ ಮೊದಲ ಭಾನುವಾರ ನಡೆದಿದೆ: 2023ರಲ್ಲಿ ಡಿಸೆಂಬರ್ 3, 2024ರಲ್ಲಿ ಡಿಸೆಂಬರ್ 1, 2025ರಲ್ಲಿ ಡಿಸೆಂಬರ್ 7. ದ್ವಿತೀಯ ಪಿಯು ಇನ್ನೂ ನಡೆಯುತ್ತಿರುವಾಗಲೇ ಪರೀಕ್ಷೆ ಬಂದುಬಿಡುತ್ತದೆ. ಬೋರ್ಡ್ ಪರೀಕ್ಷೆ ಮುಗಿಸಿ ಓದಿದರಾಯ್ತು ಅಂತ ಕೂತರೆ ಆ ವರ್ಷ ಕೈತಪ್ಪಿದಂತೆ. ಜೂನ್‌ನಲ್ಲಿ ಶುರು ಮಾಡಿದರೆ ಆರು ತಿಂಗಳು ಸಿಗುತ್ತದೆ. ಪ್ರಥಮ ಪಿಯುನಲ್ಲೇ ಶುರು ಮಾಡಿದರೆ ಇನ್ನೂ ನಿರಾಳ.

ಜೂನ್, ಜುಲೈನಲ್ಲಿ ದಿನಕ್ಕೆ ಮುಕ್ಕಾಲು ಗಂಟೆ ಬರೀ ಓದಿ, ಭಾನುವಾರದ ಅಳತೆ ಬಿಟ್ಟರೆ ಗಡಿಯಾರ ಬೇಡ. ಆಗಸ್ಟ್‌ನಿಂದ ದಿನಕ್ಕೆ ಎರಡು ಪ್ಯಾಸೇಜ್ ಪ್ರಶ್ನೆಗಳ ಸಮೇತ, ಒಂದೊಂದಕ್ಕೆ 8 ನಿಮಿಷ ಕೊಟ್ಟುಕೊಳ್ಳಿ. ದಸರಾ ರಜೆ ಹೊತ್ತಿಗೆ ಅದು 6 ನಿಮಿಷಕ್ಕೆ ಇಳಿಯಬೇಕು. ಆಮೇಲೆ ಭಾನುವಾರಕ್ಕೊಂದು ಪೂರ್ತಿ ಮಾಕ್ ಟೆಸ್ಟ್.

ಆ ಮಾಕ್ ಟೆಸ್ಟನ್ನು ಮಧ್ಯಾಹ್ನ 2ರಿಂದ 4ರವರೆಗೇ ಬರೆಯಿರಿ. ಪರೀಕ್ಷೆ ನಡೆಯುವ ಹೊತ್ತು ಅದೇ. ಭಾನುವಾರ ಊಟ ಮಾಡಿ ಕೂತಾಗ ಕಣ್ಣು ಎಳೆಯುತ್ತದೆ, 450 ಪದದ ಪ್ಯಾಸೇಜ್ ಎರಡು ಪಟ್ಟು ಉದ್ದ ಕಾಣುತ್ತದೆ. ಆ ಹೊತ್ತಿನಲ್ಲಿ ಓದಿ ಅಭ್ಯಾಸ ಇದ್ದವರಿಗೆ ಡಿಸೆಂಬರ್‌ನಲ್ಲಿ ಅದು ಹೊಸದಾಗಿರುವುದಿಲ್ಲ.

ನೆಗೆಟಿವ್ ಮಾರ್ಕ್‌ಗೆ ಹೆದರಿ ಬಿಡುವುದೂ ತಪ್ಪು, ಕಣ್ಣುಮುಚ್ಚಿ ಗುರುತು ಹಾಕುವುದೂ ತಪ್ಪು. ನಾಲ್ಕರಲ್ಲಿ ಎರಡು ಆಪ್ಷನ್ ಖಂಡಿತ ಅಲ್ಲ ಅಂತ ಗೊತ್ತಾದರೆ ಉಳಿದೆರಡರಲ್ಲಿ ಒಂದನ್ನು ಆರಿಸಿ. ಅಂಥ ನಾಲ್ಕು ಪ್ರಶ್ನೆಯಲ್ಲಿ ಎರಡು ಸರಿ, ಎರಡು ತಪ್ಪಾದರೂ ಒಂದೂವರೆ ಅಂಕ ನಿಮ್ಮದೇ. ಒಂದನ್ನೂ ತೆಗೆದುಹಾಕಲು ಆಗದಿದ್ದರೆ ಆ ಪ್ರಶ್ನೆ ಬಿಟ್ಟು ಮುಂದೆ ಹೋಗಿ.

ಮಾಕ್ ಮುಗಿದ ಮೇಲೆ ಅಂಕ ಎಣಿಸಿ ಎದ್ದುಬಿಡಬೇಡಿ. ಸಂಜೆ ಒಂದು ಗಂಟೆ ತಪ್ಪಾದ ಪ್ರಶ್ನೆಗಳ ಜೊತೆ ಕೂತುಕೊಳ್ಳಿ. ಪ್ರತಿ ತಪ್ಪಿನ ಮುಂದೆ ಒಂದು ಗುರುತು: ಪದ ಗೊತ್ತಿರಲಿಲ್ಲವಾ, ತಿರುವು ತಪ್ಪಿತಾ, ಅತಿ ಮಾತಿಗೆ ಬಿದ್ದಿರಾ, ನಿಮಗೆ ಗೊತ್ತಿದ್ದ ವಿಷಯ ತುರುಕಿದಿರಾ, ಅಥವಾ ಸಮಯ ಸಾಲಲಿಲ್ಲವಾ? ನಾಲ್ಕು ವಾರಕ್ಕೆ ಯಾವ ಗುರುತು ಜಾಸ್ತಿ ಅಂತ ಕಾಣುತ್ತದೆ. ಮುಂದಿನ ವಾರದ ಅಭ್ಯಾಸ ಅದರ ಮೇಲೆಯೇ ಇರಲಿ. ಮೊದಲು ಹೇಳಿದ ಹುಡುಗಿಯ ಪಟ್ಟಿಯಲ್ಲಿ ಪದದ ತಪ್ಪು ಬರೀ ಮೂರಿತ್ತು. ತಿರುವು ತಪ್ಪಿದ್ದು ಹನ್ನೊಂದು. ಅದನ್ನು ನೋಡಿ ಅವಳೇ ಮೊಬೈಲನ್ನು ಒಳಗಿನ ಕೋಣೆಯಲ್ಲಿಟ್ಟು ಬಂದು, ಪೆನ್ಸಿಲ್ ಹಿಡಿದು 'ಬಟ್', 'ಹವೆವರ್'ಗಳಿಗೆ ಸುತ್ತು ಹಾಕಲು ಶುರು ಮಾಡಿದಳು. ಅಕ್ಟೋಬರ್ ಹೊತ್ತಿಗೆ ಒಂದು ಪ್ಯಾಸೇಜ್ ಓದಲು 3 ನಿಮಿಷ 20 ಸೆಕೆಂಡಿಗೆ ಬಂದಳು.

ಕೊನೆಗೆ ಓಎಂಆರ್ ಶೀಟ್, ಅಂದರೆ ಗುಂಡಿ ತುಂಬಿ ಉತ್ತರ ಗುರುತು ಮಾಡುವ ಹಾಳೆಯ ವಿಷಯ. ಎಲ್ಲ ಉತ್ತರ ಪ್ರಶ್ನೆಪತ್ರಿಕೆಯಲ್ಲಿ ಗುರುತು ಮಾಡಿಟ್ಟು ಕೊನೆಯ ಹತ್ತು ನಿಮಿಷದಲ್ಲಿ ಒಟ್ಟಿಗೆ ತುಂಬುತ್ತೇನೆ ಅಂದುಕೊಳ್ಳಬೇಡಿ. ಒಂದು ಪ್ಯಾಸೇಜ್‌ನ ಪ್ರಶ್ನೆಗಳು ಮುಗಿದ ಕೂಡಲೇ ಆ ಐದಾರು ಗುಂಡಿ ತುಂಬಿ, ಪ್ರಶ್ನೆಯ ಸಂಖ್ಯೆ ಹೊಂದಿದೆಯಾ ಅಂತ ಒಮ್ಮೆ ನೋಡಿ, ಆಮೇಲೆ ಪುಟ ತಿರುಗಿಸಿ. ಮಾಕ್ ಟೆಸ್ಟ್‌ಗೂ ಖಾಲಿ ಓಎಂಆರ್ ಹಾಳೆ ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ, ಪರೀಕ್ಷೆಯಲ್ಲಿ ಬಳಸುವ ಪೆನ್ನಿನಲ್ಲೇ ತುಂಬಿ.